ಊರಲ್ಲೇ ಇದ್ದ ಅಪ್ಪ



ನಾನು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದವಳು. ಜೂನ್ ಬಂತೆಂದರೆ ಒಂದನೇ ಇಯತ್ತೆಗೆ ಮಕ್ಕಳ ಹೆಸರು ಹಚ್ಚಿಕೊಳ್ಳುವ ಕೆಲಸ ನನ್ನದೇ. ಮೊದಲ ಮಳೆಯ ಕೆಸರು ತುಳಿದುಕೊಂಡು ತಾಯಂದಿರು ಮಕ್ಕಳ ರಟ್ಟೆ ಹಿಡಿದು ತರುತ್ತಿದ್ದರು. ವರಾಂಡದಲ್ಲಿ ಒಂದು ಮೇಜು, ಅದರ ಮೇಲೆ ಕೆಂಪು ಬಟ್ಟೆಯ ರಟ್ಟಿನ ದೊಡ್ಡ ದಾಖಲಾತಿ ಪುಸ್ತಕ. ಮೊದಲು ಕ್ರಮಸಂಖ್ಯೆ, ಆಮೇಲೆ ಮಗುವಿನ ಹೆಸರು, ಅದರ ಪಕ್ಕಕ್ಕೇ ತಂದೆಯ ಹೆಸರು. ಜಾತಿ, ಹುಟ್ಟಿದ ತಾರೀಖು, ತಂದೆಯ ಉದ್ಯೋಗ ಎಲ್ಲ ಆಮೇಲೆ. ಆ ಪುಸ್ತಕದಲ್ಲಿ ತಾಯಿಗೆಂದು ಗೆರೆ ಹಾಕಿದ ಜಾಗ ಇರಲಿಲ್ಲ.

1981ರ ಜೂನ್. ಸಾಲಿನಲ್ಲಿ ಹತ್ತು ಹನ್ನೆರಡು ಜನ ನಿಂತಿದ್ದರು. ಒಬ್ಬ ಹೆಣ್ಣುಮಗಳ ಸರದಿ ಬಂತು. ಕೊರಳಲ್ಲಿ ಕೆಂಪು ಬಿಳಿ ಮಣಿಗಳ ಸರ. ನಮ್ಮ ಕಡೆಯವರಿಗೆ ಅದು ಏನೆಂದು ಹೇಳಬೇಕಾಗಿಲ್ಲ. ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಗುರುತು ಅದು. ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಹುಬ್ಬಳ್ಳಿಯಲ್ಲಿ ಬೆಳೆದವಳು. ಮಣಿಸರ ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಎಲ್ಲರನ್ನೂ ಕೇಳಿದ ಹಾಗೆ, ಎಲ್ಲರಿಗೂ ಕೇಳಿಸುವ ಹಾಗೆ ಕೇಳಿದೆ: "ಹುಡುಗನ ಅಪ್ಪನ ಹೆಸರೇನವಾ?"

ಅವಳು ತಲೆ ತಗ್ಗಿಸಲಿಲ್ಲ. ನನ್ನ ಕಣ್ಣನ್ನೇ ನೋಡುತ್ತ, "ನನ್ನ ಹೆಸರಽ ಬರಕೋರಿ ಅಕ್ಕಾರ" ಅಂದಳು. ಹಿಂದೆ ನಿಂತಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹುಡುಗ ಅವ್ವನ ಸೆರಗು ಹಿಡಿದು ನಿಂತಿದ್ದವನು ಆ ನಗು ಬಂದ ಕಡೆಗೊಮ್ಮೆ ತಿರುಗಿ ನೋಡಿದ. ಆರು ವರ್ಷದ ಮಗು. ಆ ನಗುವಿನ ಅರ್ಥ ಅವನಿಗೆ ಆಗಲೇ ಗೊತ್ತಿತ್ತು ಎಂಬುದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ನಾಲ್ಕು ಜನರ ಎದುರು ಆ ಪ್ರಶ್ನೆ ಕೇಳಿದವಳು ನಾನು. ನಲವತ್ತು ವರ್ಷ ದಾಟಿದರೂ ಆ ತಪ್ಪು ನನ್ನ ಎದೆಯಿಂದ ಇಳಿದಿಲ್ಲ.

ಏನು ಬರೆಯಬೇಕೆಂದು ಹೆಡ್‌ಮಾಸ್ತರರನ್ನು ಕೇಳಲು ಒಳಗೆ ಹೋದೆ. ಅವರು ಸಂಸ್ಕೃತ ಓದಿದ್ದ ಹಿರಿಯರು, ಒಳ್ಳೆಯ ಮನಸ್ಸಿನವರು. ಛಾಂದೋಗ್ಯ ಉಪನಿಷತ್ತಿನ ಸತ್ಯಕಾಮನ ಕಥೆ ಹೇಳಿದರು. ನಿನ್ನ ಗೋತ್ರ ಯಾವುದು ಎಂದು ಗೌತಮರು ಕೇಳಿದಾಗ, ತಾಯಿ ಜಬಾಲೆ ಹೇಳಿಕೊಟ್ಟಂತೆ ಗೋತ್ರ ಗೊತ್ತಿಲ್ಲ ಎಂದು ನಿಜ ನುಡಿದ ಹುಡುಗ. ಗುರುಗಳು ಆ ನಿಜಕ್ಕೇ ಮೆಚ್ಚಿ ಅವನನ್ನು ಶಿಷ್ಯನಾಗಿ ಸ್ವೀಕರಿಸಿದರು. ತಾಯಿಯ ಹೆಸರೇ ಅವನಿಗೆ ಗುರುತಾಯಿತು. ಕಥೆ ಹೇಳಿ ಮುಗಿಸಿದ ಮೇಲೆ ಹೆಡ್‌ಮಾಸ್ತರರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಇನ್‌ಸ್ಪೆಕ್ಟರು ಬಂದರೆ ಕೇಳುತ್ತಾರಮ್ಮ, ಸದ್ಯ ಅವನ ಸೋದರಮಾವನ ಹೆಸರು ಬರೆದುಬಿಡಿ" ಅಂದರು. ಬರೆದೆ. ಆ ಕಥೆಯನ್ನು ನಾನು ಆಮೇಲೆ ಎಷ್ಟೋ ಸಲ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೆ. ಮಗ ನಿಜ ಹೇಳಿದ, ತಾಯಿ ನಿಜ ಹೇಳಿದಳು, ಗುರು ದೊಡ್ಡವನಾದ. ಇಡೀ ಕಥೆಯಲ್ಲಿ ಒಬ್ಬನನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ. ಅವನು ಕಥೆಯೊಳಕ್ಕೇ ಬರುವುದಿಲ್ಲ.

ಇವತ್ತು ನಾನು ಮಾತಾಡಲು ಬಂದದ್ದು ಹಾಗೆ ಕಥೆಯೊಳಕ್ಕೆ ಬಾರದ ಆ ಮನುಷ್ಯನ ವಿಷಯ. ಹೆತ್ತ ಮಕ್ಕಳ ಬಾಳಿನಲ್ಲಿ ಪಾಲಿಲ್ಲದ ತಂದೆ ಎಂದರೆ ಸಾಮಾನ್ಯವಾಗಿ ನಮ್ಮ ಕಣ್ಣ ಮುಂದೆ ಬರುವುದು ಬಿಟ್ಟುಹೋದವನು. ಮುಂಬಯಿಗೋ ಗೋವಾಕ್ಕೋ ದುಡಿಯಲು ಹೋಗಿ ತಿರುಗಿ ಬಾರದವನು, ಕುಡಿದು ಮನೆ ಮುರಿದವನು, ಬೇರೆ ಸಂಸಾರ ಹೂಡಿದವನು. ನಾನು ನೋಡಿದ ಈ ಅಪ್ಪಂದಿರು ಎಲ್ಲೂ ಹೋದವರಲ್ಲ. ಊರಲ್ಲೇ ಇದ್ದರು. ಮಗುವಿನ ಗುಡಿಸಲಿಗೂ ಅವರ ಮನೆಗೂ ನಡುವೆ ಎರಡು ಓಣಿ ಮತ್ತು ಒಂದು ಬಾವಿ, ಅಷ್ಟೇ.

ಅಂಥ ಅಪ್ಪ ಹೇಗೆ ಹುಟ್ಟಿದ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ, ಉತ್ತರ ಕರ್ನಾಟಕದ ಇನ್ನೂ ಎಷ್ಟೋ ಗುಡಿಗಳಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಬಿಡುವ ಪದ್ಧತಿ ಇತ್ತು. ಕಟ್ಟಿಸಿಕೊಳ್ಳುತ್ತಿದ್ದವರು ಬಹುಪಾಲು ದಲಿತ ಕೇರಿಯ ಬಡ ಮನೆಗಳ ಹುಡುಗಿಯರು. ತಲೆಯಲ್ಲಿ ಜಡೆ ಮೂಡಿತು, ಮೈಮೇಲೆ ದೇವರು ಬಂತು, ಮನೆಯಲ್ಲಿ ಕಾಯಿಲೆ ಬಿಡಲೊಲ್ಲದು, ಹೀಗೆ ಕಾರಣಗಳು. ಎಲ್ಲಕ್ಕಿಂತ ದೊಡ್ಡ ಕಾರಣ, ಮನೆಯಲ್ಲಿ ಗಂಡು ಹುಟ್ಟಲಿಲ್ಲ ಎಂಬುದು. ಮುತ್ತು ಕಟ್ಟಿದ ಮಗಳು ಮದುವೆಯಾಗಿ ಹೊರಗೆ ಹೋಗುವುದಿಲ್ಲ. ತವರಿನಲ್ಲೇ ಉಳಿದು ಗಂಡುಮಗನ ಸ್ಥಾನದಲ್ಲಿ ನಿಂತು ಅಪ್ಪ ಅವ್ವನನ್ನು ಸಾಕುತ್ತಾಳೆ. ಅವಳಿಗೆ ಹುಟ್ಟಿದ ಮಕ್ಕಳು ಅವಳ ತವರಿನ ಮಕ್ಕಳು. ಇಲ್ಲಿಯವರೆಗೆ ಕೇಳಿದರೆ ಹೆಣ್ಣಿಗೆ ಮರ್ಯಾದೆ ಕೊಟ್ಟ ಹಾಗೇ ಕಾಣಿಸುತ್ತದೆ. ಆದರೆ ಮೈನೆರೆದ ಮೇಲೆ ಅವಳನ್ನು "ಇಟ್ಟುಕೊಳ್ಳಲು" ಒಬ್ಬ ಬರುತ್ತಾನೆ. ಹೊಲ ಇದ್ದವನು, ಮೇಲಿನ ಜಾತಿಯವನು, ಮನೆಯಲ್ಲಿ ಕೈಹಿಡಿದ ಹೆಂಡತಿ ಇದ್ದವನು. ಸುಗ್ಗಿಯಲ್ಲಿ ಎರಡು ಚೀಲ ಜೋಳ, ದೀಪಾವಳಿಗೆ ಒಂದು ಸೀರೆ, ಅವನದೇ ಹೊಲದಲ್ಲಿ ಅವಳಿಗೆ ಕೂಲಿ. ಮಕ್ಕಳು ಹುಟ್ಟಿದರೆ ಅವು ಅವಳ ಮನೆಯವು, ದೇವರ ಪ್ರಸಾದ. ಗಂಡಸಿಗೆ ಮಕ್ಕಳಾಗಬೇಕು, ಅವನು ಮಾತ್ರ ತಂದೆಯಾಗಬಾರದು ಎಂಬ ಹಾಗೆ ಇಡೀ ಊರು ಕೂಡಿ ಕಟ್ಟಿದ ಏರ್ಪಾಡು ಅದು. ಅಲ್ಲಿ ಜವಾಬ್ದಾರಿ ತಪ್ಪಿಸಿಕೊಂಡು ಓಡುವ ಅಗತ್ಯವೇ ಇರಲಿಲ್ಲ, ಏಕೆಂದರೆ ಜವಾಬ್ದಾರಿ ಎಂಬುದನ್ನೇ ಯಾರೂ ಅವನ ತಲೆಗೆ ಕಟ್ಟಿರಲಿಲ್ಲ.

ಮತ್ತೆ ಆ ಹುಡುಗನ ವಿಷಯಕ್ಕೆ ಬರುತ್ತೇನೆ. ಈ ಮಾತುಗಳನ್ನು ಹೇಳಲು ಅವನ ಒಪ್ಪಿಗೆ ಪಡೆದಿದ್ದೇನೆ. ಹೆಸರು ಹೇಳುವುದಿಲ್ಲ, ಊರೂ ಹೇಳುವುದಿಲ್ಲ.

ಅವನ ತಂದೆ ಯಾರೆಂಬುದು ನನಗೆ ತಿಳಿಯಲು ಎರಡು ತಿಂಗಳು ಸಾಕಾಯಿತು. ಯಾರೂ ಹೇಳಬೇಕಾಗಲಿಲ್ಲ. ಮಕ್ಕಳು ನೆಲದ ಮೇಲೆ ಕೂತು ಪಾಟಿಯ ಮೇಲೆ ಬರೆಯುವಾಗ ಶಿಕ್ಷಕರಿಗೆ ಕಾಣುವುದು ಅವರ ಮುಖವಲ್ಲ, ನೆತ್ತಿ. ಅವನ ನೆತ್ತಿಯಲ್ಲಿ ಎರಡು ಸುಳಿ ಇದ್ದವು, ಒಂದು ಬಲಕ್ಕೆ ತಿರುಗಿದ್ದು, ಒಂದು ಎಡಕ್ಕೆ. ಮುಂದಿನ ಸಾಲಿನಲ್ಲಿ ಕೂರುತ್ತಿದ್ದ, ಊರಿನ ದೊಡ್ಡ ಮನೆಯ ಹುಡುಗನ ನೆತ್ತಿಯಲ್ಲೂ ಎರಡು ಸುಳಿ. ಅದೇ ಜಾಗ, ಅದೇ ತಿರುವು. ಇಬ್ಬರಿಗೂ ಬರೆಯುವಾಗ ಎಡ ಭುಜವನ್ನು ಕಿವಿಯತನಕ ಎತ್ತುವ ಅಭ್ಯಾಸ. ಊರಿಗೆಲ್ಲ ಗೊತ್ತಿದ್ದದ್ದು ಹೀಗೆ ನನಗೂ ಗೊತ್ತಾಯಿತು. ಗೊತ್ತಾದ ಮೇಲೆ ಊರಿನವರ ಹಾಗೆಯೇ ನಾನೂ ಸುಮ್ಮನಾದೆ.

ಆ ದೊಡ್ಡ ಮನೆಯ ಯಜಮಾನರು ಕೆಟ್ಟ ಮನುಷ್ಯರಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಶಾಲೆಗೆ ಬಾವಿ ತೋಡಿಸಿದ್ದು ಅವರೇ. ಬರಗಾಲದಲ್ಲಿ ಕಣಜ ತೆರೆದವರು. ಒಂದು ಮಳೆಗಾಲದಲ್ಲಿ ಹುಡುಗ ಬರಿಗಾಲಿನಲ್ಲಿ ಬಂದು ಕಾಲಿಗೆ ಮುಳ್ಳು ಹೊಕ್ಕು ಕೀವಾಗಿತ್ತು. ಅದು ಹೇಗೋ ಅವರ ಕಿವಿಗೆ ಬಿದ್ದು ಆಳಿನ ಕೈಯಲ್ಲಿ ಒಂದು ಜೊತೆ ಚಪ್ಪಲಿ ಕಳಿಸಿದರು. ಹೊಸವು, ಗಟ್ಟಿ ಚರ್ಮದವು. ಹುಡುಗ ಹಾಕಿಕೊಂಡು ನೋಡಿದ. ಹಿಮ್ಮಡಿ ಒಂದು ಬೆರಳಿನಷ್ಟು ಹೊರಗೆ ಉಳಿಯಿತು. ಅವರು ಅಳತೆ ಕೊಟ್ಟದ್ದು ಮನೆಯಲ್ಲಿದ್ದ ಮಗನ ಕಾಲಿನದು. ಈ ಮಗನ ಕಾಲನ್ನು ಅವರು ಎಂದೂ ಕೈಯಲ್ಲಿ ಹಿಡಿದವರಲ್ಲ. ಹುಡುಗ ಆ ವರ್ಷವೆಲ್ಲ ಹಿಮ್ಮಡಿ ಹೊರಗೆ ಹಾಕಿಕೊಂಡೇ ಆ ಚಪ್ಪಲಿಯಲ್ಲಿ ನಡೆದ. ಬಿಚ್ಚಿಡು ಎಂದರೆ ಬಿಚ್ಚುತ್ತಿರಲಿಲ್ಲ.

ಇನ್ನೊಂದು ದಿನ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಆಗಸ್ಟ್ 15. ಅವನು ಆಗ ನಾಲ್ಕನೇ ಇಯತ್ತೆ. ಧ್ವಜ ಹಾರಿಸಿದ ಮೇಲೆ ಜಾಣ ಮಕ್ಕಳಿಗೆ ಪೆನ್ನು ಕೊಡುವುದೆಂದು ಗೊತ್ತಾಗಿತ್ತು. ಕೊಡುವವರು ದೊಡ್ಡ ಮನೆಯ ಯಜಮಾನರು. ಗಣಿತಕ್ಕೆ ಮೊದಲು ಬಂದವನು ಈ ಹುಡುಗ. ನಾನು ಹೆಸರು ಕರೆದೆ, ದಾಖಲಾತಿಯಲ್ಲಿದ್ದ ಹಾಗೆ, ಸೋದರಮಾವನ ಹೆಸರು ಸೇರಿಸಿ. ಅವನು ಒಗೆದು ಒಣಗಿಸಿದ ಅಂಗಿ ಹಾಕಿಕೊಂಡು, ಕೂದಲಿಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದ. ಮುಂದೆ ಬಂದು ನಿಂತು ಎರಡೂ ಕೈ ಚಾಚಿ ಮುಖ ಎತ್ತಿ ನೋಡಿದ. ಯಜಮಾನರು ಪೆನ್ನನ್ನು ಅವನ ಕೈಯಲ್ಲಿಟ್ಟರು. ಉಳಿದ ಮಕ್ಕಳಿಗೆಲ್ಲ "ಚಲೋ ಓದಪಾ" ಎಂದು ತಲೆ ನೇವರಿಸಿದ್ದರು. ಇವನಿಗೆ ಪೆನ್ನು ಕೊಡುವಾಗ ಅವರ ಕಣ್ಣು ಧ್ವಜದ ಕಂಬದ ಕಡೆಗಿತ್ತು. ಹುಡುಗ ಒಂದು ಗಳಿಗೆ ಹೆಚ್ಚಾಗಿಯೇ ನಿಂತ. ಆಮೇಲೆ ತಿರುಗಿ ಸಾಲಿಗೆ ಹೋದ. ಆ ಪೆನ್ನಿನಲ್ಲಿ ಅವನು ಬರೆದದ್ದನ್ನು ನಾನು ಎಂದೂ ನೋಡಲಿಲ್ಲ.

ಪಟ್ಟಣದಲ್ಲಿ ತಂದೆತಾಯಿ ಬೇರೆಯಾದ ಮನೆಗಳ ಮಕ್ಕಳನ್ನೂ ನಾನು ಕಂಡಿದ್ದೇನೆ. ಬರುತ್ತೇನೆಂದು ಹೇಳಿ ಬಾರದ ಅಪ್ಪನಿಗಾಗಿ ಕಾದು, ಫೋನಿನಲ್ಲಿ ಕೂಗಾಡಿ, ಬಾಗಿಲು ದಬ್ಬಿ ಅಳುವ ಮಕ್ಕಳು. ಅವರ ದುಃಖ ಸಣ್ಣದೆಂದು ನಾನು ಹೇಳುವುದಿಲ್ಲ. ಆದರೆ ಅವರಿಗೆ ಸಿಟ್ಟಾಗುವ ಹಕ್ಕಾದರೂ ಇದೆ. ಅಪ್ಪಾ, ನೀನು ಯಾಕೆ ಬರಲಿಲ್ಲ ಎಂದು ಕೇಳಲು ಅಪ್ಪ ಎಂಬ ಶಬ್ದ ಅವರ ಬಾಯಲ್ಲಿದೆ. ಈ ಹುಡುಗನಿಗೆ ಅವನ ಅವ್ವ ಕಲಿಸಿದ್ದು "ದಣ್ಯಾರ" ಎನ್ನಲು. ದಣಿಯ ಮೇಲೆ ಆಳು ಸಿಟ್ಟಾಗಬಹುದು, ಮಗ ಸಿಟ್ಟಾಗುವುದು ಹೇಗೆ?

ತಂದೆಯ ಹೆಸರಿಲ್ಲದ ಈ ಪಾಡು ನಮ್ಮ ಹಳ್ಳಿಗಳದಷ್ಟೇ ಅಲ್ಲ. ನಮ್ಮ ನಾಡಿನ ದೊಡ್ಡ ಸಂಗೀತಗಾರ್ತಿಯರ ಹೆಸರುಗಳನ್ನೊಮ್ಮೆ ನೆನೆಸಿಕೊಳ್ಳಿ. ಎಂ.ಎಸ್. ಸುಬ್ಬುಲಕ್ಷ್ಮಿ ಅವರ ಹೆಸರಿನಲ್ಲಿ ಎಂ ಎಂದರೆ ಮದುರೈ, ಎಸ್ ಎಂದರೆ ತಾಯಿ ಷಣ್ಮುಖವಡಿವು. ತಂದೆಯ ಹೆಸರಿನ ಜಾಗದಲ್ಲಿ ಊರು ಮತ್ತು ಅವ್ವ. ಬೆಂಗಳೂರು ನಾಗರತ್ನಮ್ಮನವರನ್ನು ಗುರುತಿಸುವುದೂ ಊರಿನ ಹೆಸರಿನಿಂದಲೇ. ನಾಗರತ್ನಮ್ಮನವರು ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಿ ದೇವದಾಸಿ ಮನೆತನದವರು, ತಂದೆ ವಕೀಲರು. ಮಗು ಇನ್ನೂ ಚಿಕ್ಕದಿರುವಾಗಲೇ ತಂದೆ ಕೈಬಿಟ್ಟರು. ತಾಯಿ ಮಗುವನ್ನು ಎತ್ತಿಕೊಂಡು ಮೈಸೂರಿಗೆ ಹೋಗಿ ಒಬ್ಬ ಆಸ್ಥಾನ ವಿದ್ವಾಂಸರ ಆಶ್ರಯದಲ್ಲಿ ಮಗಳಿಗೆ ಸಂಸ್ಕೃತ ಹೇಳಿಸಿದರು. ಆ ಆಶ್ರಯವೂ ಕೊನೆಯತನಕ ಉಳಿಯಲಿಲ್ಲ. ಮತ್ತೆ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ ಬಂದು ಸಂಗೀತ ಕಲಿಸಿದರು. ಆ ಮಗಳು ಮುಂದೆ ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿ ಹಾಳುಬಿದ್ದಿರುವುದನ್ನು ಕೇಳಿ, ತಾನು ಗಳಿಸಿದ್ದನ್ನೆಲ್ಲ ಸುರಿದು ಅಲ್ಲಿ ಗುಡಿ ಕಟ್ಟಿಸಿದರು. ಹೆಂಗಸರು ಅಲ್ಲಿ ಹಾಡಕೂಡದು ಎಂದವರ ಎದುರು ನಿಂತು ಹೆಂಗಸರನ್ನು ಕಟ್ಟಿಕೊಂಡು ಆರಾಧನೆ ನಡೆಸಿದರು. 1952ರಲ್ಲಿ ತೀರಿಕೊಂಡ ಅವರ ಸ್ಮಾರಕವೂ ಅಲ್ಲಿಯೇ, ಆ ಸಂತನ ಎದುರಿಗೇ ಇದೆ. ತಂದೆ ಇಲ್ಲದೆಯೂ ಎಷ್ಟು ದೊಡ್ಡವರಾದರು ನೋಡಿ ಎಂದು ಈ ಕಥೆಯನ್ನು ಹೇಳುವವರಿದ್ದಾರೆ. ನಾನು ಇದನ್ನು ಹಾಗೆ ಹೇಳಲಾರೆ. ಒಂದು ಊರಿನಿಂದ ಇನ್ನೊಂದು ಊರಿಗೆ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಅಲೆದ ಪುಟ್ಟಲಕ್ಷ್ಮಿಯ ಕಾಲು ಎಷ್ಟು ನೊಂದಿರಬೇಕು ಎಂಬುದೇ ನನಗೆ ಮೊದಲು ನೆನಪಾಗುತ್ತದೆ. ಒಬ್ಬ ನಾಗರತ್ನಮ್ಮ ಮೇಲೆ ಬಂದರು. ಮೇಲೆ ಬಾರದವರ ಹೆಸರುಗಳು ನಮ್ಮ ಹಳ್ಳಿಯ ಶಾಲೆಗಳ ದಾಖಲಾತಿ ಪುಸ್ತಕಗಳಲ್ಲಿವೆ, ಮೂರನೇ ಇಯತ್ತೆಗೋ ನಾಲ್ಕನೇ ಇಯತ್ತೆಗೋ "ಶಾಲೆ ಬಿಟ್ಟಿದೆ" ಎಂಬ ಷರಾದ ಎದುರು.

ಕಾನೂನು ಏನು ಮಾಡುತ್ತಿತ್ತು ಎಂದು ನೀವು ಕೇಳಬಹುದು. ನಮ್ಮ ಬೆಳಗಾವಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1934ರಲ್ಲೇ ದೇವದಾಸಿಯರ ರಕ್ಷಣೆಗೆ ಒಂದು ಕಾಯಿದೆ ಬಂದಿತ್ತು. ಆಮೇಲೆ ಕರ್ನಾಟಕದ್ದೇ ಕಾಯಿದೆ, 1982ರದು. ಮುತ್ತು ಕಟ್ಟುವುದು ಅಪರಾಧ ಎಂದಿತು. ಕಟ್ಟಿದವರಿಗೆ ಮೂರು ವರ್ಷದ ತನಕ ಸೆರೆ, ಹೆತ್ತವರೇ ಕಟ್ಟಿದ್ದರೆ ಐದು ವರ್ಷದ ತನಕ. ಸರಿಯಾದ ಮಾತೇ. ಆದರೆ ಇಟ್ಟುಕೊಂಡವನು ತನಗೆ ಹುಟ್ಟಿದ ಮಗುವಿಗೆ ಏನಾಗಬೇಕು ಎಂಬುದನ್ನು ಆ ಕಾಯಿದೆ ಹೇಳಲಿಲ್ಲ. ಹೊಟ್ಟೆಗಿಲ್ಲದ ಅಪ್ಪ ಅವ್ವ ಜೈಲಿಗೆ ಹೋಗಬಹುದಿತ್ತು, ಹೊಲ ಇದ್ದವನು ಮನೆಯಲ್ಲಿ ಕೂರಬಹುದಿತ್ತು. ಸರಕಾರ ಎರಡು ಸಲ ಸಮೀಕ್ಷೆ ಮಾಡಿಸಿತು. 1993-94ರಲ್ಲಿ 22,873 ಜನ, 2007-08ರಲ್ಲಿ ಮತ್ತೆ 23,787 ಜನ, ಒಟ್ಟು 46,660 ದೇವದಾಸಿ ಮಹಿಳೆಯರ ಲೆಕ್ಕ ಸಿಕ್ಕಿತು. ಅವರಿಗೆ ಮಾಸಾಶನ, ಸಾಲ, ಮನೆ ಎಂದು ಯೋಜನೆಗಳು ಬಂದವು. ಅವುಗಳಿಂದ ನಿಜಕ್ಕೂ ಉಪಕಾರವಾಗಿದೆ, ನಾನೇ ಎಷ್ಟೋ ಅರ್ಜಿ ತುಂಬಿಕೊಟ್ಟಿದ್ದೇನೆ. ಆದರೆ ಆ 46,660 ಹೆಣ್ಣುಮಕ್ಕಳ ಮಕ್ಕಳಿಗೆ ತಂದೆಯಾದವರು ಎಷ್ಟು ಮಂದಿ? ಆ ಲೆಕ್ಕ ಮಾಡಲು ಯಾರ ಮನೆಯ ಬಾಗಿಲಿಗೂ ಯಾರೂ ಹೋಗಲಿಲ್ಲ.

ಹಾಗೆಂದು ತಂದೆಯನ್ನು ಹಿಡಿದು ಕೇಳುವ ದಾರಿ ಇರಲೇ ಇಲ್ಲ ಎನ್ನುವಂತಿಲ್ಲ. ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿ ಮದುವೆಯಿಲ್ಲದೆ ಹುಟ್ಟಿದ ಮಗುವಿಗೂ ತಂದೆ ಜೀವನಾಂಶ ಕೊಡಬೇಕೆಂದು ಬರೆದಿತ್ತು. ಇಂಗ್ಲಿಷರ ಕಾಲದ 1898ರ ಸಂಹಿತೆಯಲ್ಲೂ ಆ ಮಾತು ಇತ್ತು. ಈಗಿನ ಹೊಸ ಸಂಹಿತೆಯಲ್ಲಿ ಅದು 144ನೇ ಕಲಮು. ಈ ವಿಷಯವನ್ನು ಒಮ್ಮೆ ಧೈರ್ಯ ಮಾಡಿ ಆ ತಾಯಿಗೆ ಹೇಳಿದೆ. ಕೋರ್ಟಿಗೆ ಹೋದರೆ ತಿಂಗಳಿಗಿಷ್ಟು ಎಂದು ಕೊಡಿಸುತ್ತಾರೆ ಅಂದೆ. ಅವಳು ಹೊಲದಿಂದ ಬಂದು ಕೈಕಾಲು ತೊಳೆಯುತ್ತಿದ್ದಳು. ತಂಬಿಗೆ ಕೆಳಗಿಟ್ಟು, "ಯಾರ ಹೊಲದಾಗಿಂದ ಬಂದೇನಿ ಹೇಳ್ರಿ ಅಕ್ಕಾರ" ಅಂದಳು. ಅಷ್ಟೇ ಮಾತು. ಕೂಲಿ ಅವರದು, ಜೋಳ ಅವರದು, ಗುಡಿಸಲು ನಿಂತ ಜಾಗವೂ ಅವರದು. ಯಾರ ಮೇಲೆ ಫಿರ್ಯಾದಿ ಹಾಕುವುದು, ಹಾಕಿ ಆ ರಾತ್ರಿ ಎಲ್ಲಿ ಮಲಗುವುದು? ನನಗೆ ಕಾಯಿದೆಯ ಸಾಲು ಗೊತ್ತಿತ್ತು, ಅವಳಿಗೆ ಊರು ಗೊತ್ತಿತ್ತು.

ಆಸ್ತಿಯ ಮಾತಿನಲ್ಲೂ ಇದೇ ಪಾಡು. ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಮದುವೆಯಿಲ್ಲದೆ ಹುಟ್ಟಿದ ಮಗು ತಾಯಿಯ ಸಂಬಂಧಿ. ತಂದೆಯ ಸಂಬಂಧಿಯಲ್ಲ. ನಮ್ಮ ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಒಳ್ಳೆಯ ತೀರ್ಪು ಕೊಟ್ಟಿತು. ಕಾನೂನಿನಲ್ಲಿ ನಿಲ್ಲದ ಮದುವೆಯಿಂದ ಹುಟ್ಟಿದ ಮಕ್ಕಳಿಗೆ, ಕೂಡು ಕುಟುಂಬದ ಆಸ್ತಿಯಲ್ಲಿ ತಂದೆಗೆ ಬರುವ ಪಾಲಿನೊಳಗೆ ಹಕ್ಕಿದೆ ಎಂದಿತು. ಆದರೆ ಅಲ್ಲಿ ನಿಂತದ್ದೋ ಬಿದ್ದದ್ದೋ, ಒಂದು ಮದುವೆ ಎಂಬುದು ಆಗಿರಬೇಕು. ಮುತ್ತು ಕಟ್ಟಿಸಿಕೊಂಡವಳಿಗೆ ದೇವರ ಜೊತೆ ಆದದ್ದೊಂದೇ ಮದುವೆ.

ಹೆಸರಿನ ಕಾಲಂ ಮಾತ್ರ ಸ್ವಲ್ಪ ಸ್ವಲ್ಪವಾಗಿ ಸಡಿಲವಾಗುತ್ತ ಬಂತು. ಮದುವೆಯಾಗದ ತಾಯಿ ತಂದೆಯ ಹೆಸರು ಹೇಳದೆಯೂ ಮಗುವಿನ ಪಾಲಕಳಾಗಬಹುದೆಂದು 2015ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಪಾಸ್‌ಪೋರ್ಟಿಗೆ ತಂದೆತಾಯಿಯರಲ್ಲಿ ಒಬ್ಬರ ಹೆಸರು ಸಾಕೆಂದು 2016ರ ಕೊನೆಯಲ್ಲಿ ನಿಯಮ ಬಂತು. ತಾಯಿಯೊಬ್ಬಳೇ ಸಾಕಿದ ಮಕ್ಕಳಿಗೆ ಪ್ಯಾನ್ ಕಾರ್ಡಿನಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ ಎಂದು 2018ರಲ್ಲಿ. ನಮ್ಮ ಹುಡುಗನ ಕಾಲಕ್ಕೆ ಇವು ಯಾವುವೂ ಇರಲಿಲ್ಲ. ನಾನು ಬರೆದ ಸೋದರಮಾವನ ಹೆಸರು ಅವನ ಬೆನ್ನು ಬಿಡಲಿಲ್ಲ. ಶಾಲೆಯ ದಾಖಲೆಯಲ್ಲಿ ಮಾವನ ಹೆಸರು, ರೇಷನ್ ಕಾರ್ಡಿನಲ್ಲಿ ಅವ್ವನ ಹೆಸರು, ಎರಡೂ ತಾಳೆಯಾಗುವುದಿಲ್ಲ ಎಂದು ವಿದ್ಯಾರ್ಥಿವೇತನದ ಅರ್ಜಿ ಮೂರು ಸಲ ತಿರುಗಿ ಬಂತು. ಪ್ರತಿ ಸಲವೂ ಅವನು ಒಂದು ಕಚೇರಿಯ ಕಿಟಕಿಯ ಮುಂದೆ ನಿಂತು, ಒಳಗಿನವರ ಅದೇ ಪ್ರಶ್ನೆಗೆ ಅದೇ ಉತ್ತರ ಹೇಳಬೇಕಾಯಿತು.

2025ರಲ್ಲಿ ನಮ್ಮ ವಿಧಾನಮಂಡಲ ಹೊಸ ದೇವದಾಸಿ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಪತ್ರಿಕೆಯಲ್ಲಿ ಓದಿದಾಗ ನಾನು ಎರಡು ಸಲ ಓದಿದೆ. ದೇವದಾಸಿಯ ಮಗುವಿಗೆ ತನ್ನ ತಂದೆ ಯಾರೆಂದು ಕಾನೂನಿನ ಮೂಲಕ ಸಾಬೀತು ಮಾಡಿಕೊಳ್ಳುವ ಹಕ್ಕು, ಅವನ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕು. ಇನ್ನೊಂದು ಕಡೆ, ಹೆಸರು ಬೇಡವೆನ್ನುವ ಮಗುವನ್ನು ತಂದೆಯ ಹೆಸರು ಬರೆಯಲೇಬೇಕೆಂದು ಒತ್ತಾಯಿಸುವಂತಿಲ್ಲ. ನನ್ನ ಮಟ್ಟಿಗೆ ಇದು ಬಹಳ ದೊಡ್ಡ ಮಾತು. ಬೇಕೆಂದವರಿಗೆ ಒಂದು ಬಾಗಿಲು, ಬೇಡವೆಂದವರಿಗೆ ಇನ್ನೊಂದು ಬಾಗಿಲು. ಇಷ್ಟು ಕಾಲ ಮಗುವಿನ ಮುಂದೆ ಇದ್ದದ್ದು ಗೋಡೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರಶ್ನೆ ಈಗ ಮೊದಲ ಸಲ ದೊಡ್ಡ ಮನೆಯ ಬಾಗಿಲು ತಟ್ಟಬಹುದು.

ಆದರೆ ಕೆಲವು ಬಾಗಿಲುಗಳ ಹಿಂದೆ ಉತ್ತರ ಕೊಡಬೇಕಾದವರೇ ಇಲ್ಲ.

ಆ ಯಜಮಾನರು ತೀರಿಕೊಂಡದ್ದು 1990ರಲ್ಲಿ, ಮಾಘ ಮಾಸದ ಒಂದು ಬೆಳಗ್ಗೆ. ಊರಿನ ಅಂಗಡಿಗಳೆಲ್ಲ ಮುಚ್ಚಿದವು, ಶಾಲೆಗೂ ರಜೆ ಕೊಟ್ಟೆವು. ಸುತ್ತಲ ಹಳ್ಳಿಗಳಿಂದ ಗಾಡಿ, ಟ್ರ್ಯಾಕ್ಟರುಗಳಲ್ಲಿ ಜನ ಮಣ್ಣಿಗೆ ಬಂದರು. ಭಜನೆಯವರು ಬಂದರು, ಹಲಗೆಯವರು ಬಂದರು. ಹುಡುಗ ಆಗ ಹತ್ತಿರದ ಊರಿನ ಹೈಸ್ಕೂಲಿನಲ್ಲಿ ಓದುತ್ತಿದ್ದ. ಮೀಸೆ ಚಿಗುರಿತ್ತು. ನಾನು ಶಾಲೆಯ ಬೀಗ ಹಾಕಿ ಹೊರಡುತ್ತಿದ್ದಾಗ ಬೇವಿನ ಮರದ ಕೆಳಗೆ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಹತ್ತಿರ ಬಂದು ಕೇಳಿದ:

"ನಾ ಮಣ್ಣಿಗೆ ಹೋಗ್ಲೇನ್ರಿ ಅಕ್ಕಾರ?"

ಊರಿಗೆ ಊರೇ ಹೋಗುತ್ತಿತ್ತು. ಬೇರೆ ಊರಿನ ವ್ಯಾಪಾರಿಗಳು, ಸಾಲ ಪಡೆದವರು, ಮುಖ ಪರಿಚಯವಷ್ಟೇ ಇದ್ದವರು, ಯಾರೂ ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ. ಅಪ್ಪಣೆ ಕೇಳಬೇಕಾಗಿ ಬಂದದ್ದು ಅವರ ಮಗನೊಬ್ಬನಿಗೆ. ಒಂದು ಹಿಡಿ ಮಣ್ಣು ಹಾಕಲು. ನನಗೆ ಹೆದರಿಕೆಯಾಯಿತು. ಅಲ್ಲಿ ಯಾರಾದರೂ ಏನಾದರೂ ಅಂದರೆ? ಎಳೆಯ ಹುಡುಗ, ಎಲ್ಲರ ಎದುರು ತಳ್ಳಿಬಿಟ್ಟರೆ? "ಬ್ಯಾಡಪಾ, ಸುಮ್ಮನ ಯಾಕ" ಅಂದೆ. ಅವನು ಹೂಂ ಅಂದು ಹೊಳೆಯ ಕಡೆಗೆ ನಡೆದುಹೋದ. ಎದುರು ದಾರಿಯಲ್ಲಿ ಮೆರವಣಿಗೆ ಹೋಗುತ್ತಿತ್ತು.

ನಾನು ಅವನ ಒಳ್ಳೆಯದಕ್ಕೇ ಹೇಳಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಈಗ ಹಾಗನ್ನಿಸುವುದಿಲ್ಲ. ಅವನ ಜೊತೆಗೆ ನಾನು ಹೋಗಬಹುದಿತ್ತು. ಅವನ ಕೈ ಹಿಡಿದುಕೊಂಡು, ಅವನ ಶಿಕ್ಷಕಿಯಾಗಿ, ಎಲ್ಲರ ನಡುವೆ ಹೋಗಿ ನಿಲ್ಲಬಹುದಿತ್ತು. ಆ ತಂದೆ ತನ್ನ ಮಗನ ಬಾಳಿನಿಂದ ದೂರ ಉಳಿಯಲು ಹದಿನೈದು ವರ್ಷ ಇಡೀ ಊರು ನೆರವಾಯಿತು. ಕೊನೆಯ ದಿನ ನೆರವಾದವಳು ನಾನು.

ಅವನಿಗೆ ಈಗ ಐವತ್ತು ವರ್ಷ. ಬಸ್ಸಿನ ಕಂಡಕ್ಟರ್ ಆಗಿದ್ದಾನೆ. ಅವ್ವ ಇದ್ದಾಳೆ, ಕಣ್ಣು ಸರಿಯಾಗಿ ಕಾಣುವುದಿಲ್ಲ. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಅವು ಸಣ್ಣವಿದ್ದಾಗ ಅವುಗಳ ಶಾಲೆಯ ಪಾಲಕರ ಸಭೆಯನ್ನು ಒಂದನ್ನೂ ಅವನು ತಪ್ಪಿಸಿದವನಲ್ಲ, ಡ್ಯೂಟಿ ಬದಲಾಯಿಸಿಕೊಂಡು ಹೋಗುತ್ತಿದ್ದ ಎಂದು ಅವನ ಹೆಂಡತಿ ಹೇಳುತ್ತಾಳೆ. ಚಪ್ಪಲಿ ಕೊಡಿಸುವಾಗ ಅಂಗಡಿಯವನಿಗೆ ಬಿಡದೆ ತಾನೇ ಕೆಳಗೆ ಕೂತು, ಮಗಳ ಪಾದವನ್ನು ಅಂಗೈಯಲ್ಲಿಟ್ಟುಕೊಂಡು ಅಳತೆ ನೋಡುತ್ತಿದ್ದನಂತೆ. ಅವಳಿಗೆ ಅದು ಗಂಡನ ಒಂದು ವಿಚಿತ್ರ ಅಭ್ಯಾಸ. ಯಾಕೆಂದು ನಾನು ಅವಳಿಗೆ ಹೇಳಲಿಲ್ಲ.

ಹೊಸ ಕಾನೂನಿನ ಸುದ್ದಿಯಿದ್ದ ಪತ್ರಿಕೆಯನ್ನು ತೆಗೆದುಕೊಂಡು ಹೋದ ತಿಂಗಳು ಅವನ ಮನೆಗೆ ಹೋಗಿದ್ದೆ. ಓದಿ ಮಡಚಿಟ್ಟ. ಅಪ್ಪ ಬದುಕಿಲ್ಲದಾಗ ಹೇಗೆ ಸಾಬೀತು ಮಾಡುವುದು ಎಂದು ಕೇಳಿದ. ಒಬ್ಬನೇ ತಂದೆಯ ಗಂಡುಮಕ್ಕಳ ಮೈಯಲ್ಲಿ ತಂದೆಯಿಂದ ಬಂದ ಒಂದು ಎಳೆ ಹಾಗೇ ಇರುತ್ತದೆ, ಅಣ್ಣತಮ್ಮಂದಿರ ರಕ್ತ ಹೋಲಿಸಿ ಡಿಎನ್ಎ ಪರೀಕ್ಷೆಯಲ್ಲಿ ಅದನ್ನು ನೋಡಬಹುದು ಎಂದು ನನಗೆ ತಿಳಿದಷ್ಟು ಹೇಳಿದೆ.

ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನಿಧಾನಕ್ಕೆ ಹೇಳಿದ. ಎರಡು ಸುಳಿಯ ಆ ಇನ್ನೊಬ್ಬ, ದೊಡ್ಡ ಮನೆಯ ಮಗ, ವಾರಕ್ಕೆರಡು ಸಲ ಇವನದೇ ಬಸ್ಸು ಹತ್ತುತ್ತಾನಂತೆ. ಹೊಲ ಹಂಚಿಹೋಗಿ ಈಗ ಅವನೂ ಪೇಟೆಗೆ ತಿರುಗುವವನೇ. ಇವನು ಟಿಕೆಟ್ ಹರಿದು ಕೊಡುತ್ತಾನೆ, ಅವನು ಚಿಲ್ಲರೆ ಎಣಿಸಿ ಇವನ ಅಂಗೈಯಲ್ಲಿಡುತ್ತಾನೆ. ಕೈಗೆ ಕೈ ತಾಗುತ್ತದೆ. ಇಪ್ಪತ್ತು ವರ್ಷದಿಂದ ಇಷ್ಟೇ.

"ಟಿಕೆಟಿನ ರೊಕ್ಕ ಬಿಟ್ರ ಅವನ ಕಡೆ ಇನ್ನೇನೂ ಕೇಳಿಲ್ರಿ ಅಕ್ಕಾರ. ಮೊದಲನೇ ಸಲ ಬಾಯಿ ತಗದು ಕೇಳೂದು ರಕ್ತ ಅಂದ್ರ, ಹೆಂಗ ಕೇಳ್ಲಿ?"

ಬೇವಿನ ಮರದ ಕೆಳಗಿನ ಆ ದಿನ ನನ್ನ ಮುಂದೆ ಬಂದು ನಿಂತಿತು. ಈ ಸಲ ನಾನು ಬ್ಯಾಡ ಅನ್ನಲಿಲ್ಲ. ರಕ್ತದ ಮಾತು ಆಮೇಲಿರಲಿ, ಮೊದಲು ಅವನ ಮನೆಗೆ ಹೋಗೋಣ, ನಾನೂ ಜೊತೆಗೆ ಬರುತ್ತೇನೆ ಅಂದೆ. ಅವನೂ ನನ್ನ ವಿದ್ಯಾರ್ಥಿಯೇ ಅಲ್ಲವೇ.

ಬರುವ ಸೋಮವಾರ ಇವನಿಗೆ ವಾರದ ರಜೆ. ಬೆಳಗಿನ ಮೊದಲ ಬಸ್ಸಿಗೆ ನಾನು ಹೊರಡುತ್ತೇನೆ.